ಸಮಸ್ಯೆ: «ಎರಡು ಬಿಂದುಗಳು ಕೂಡಲ್ಕೊಂದೆ ಬಿಂದು»

ಸಮಸ್ಯೆ ಎಂದರೆ ಕೊಟ್ಟಿರುವ ಕೊನೆಯ ಸಾಲು; ಅದಕ್ಕೆ ಹೊಂದುವ ಮೊದಲ ಮೂರು ಸಾಲು ಕಟ್ಟುವುದೇ ಪೂರಣ. ಇಲ್ಲಿನ ಪೂರಣಗಳೆಲ್ಲ ವೃತ್ತದ ಜ್ಯಾಮಿತಿಯವು.

ಛಂದಸ್ಸು ಪಂಚಮಾತ್ರಾ ಚೌಪದಿ. 1 ಮತ್ತು 3ನೇ ಸಾಲಿಗೆ ಐದು ಮಾತ್ರೆಯ ನಾಲ್ಕು ಗಣ. 2 ಮತ್ತು 4ಕ್ಕೆ ಮೂರು ಗಣ, ಕೊನೆಗೆ ಮೂರು ಮಾತ್ರೆ. ಸಮಸ್ಯೆ ಒಡೆಯುವುದು ಹೀಗೆ: ಎರಡು ಬಿಂ | ದುಗಳು ಕೂ | ಡಲ್ಕೊಂದೆ | ಬಿಂದು. ಆದಿಪ್ರಾಸ (ಪ್ರತಿ ಸಾಲಿನ ಎರಡನೇ ಅಕ್ಷರ) ರಕಾರ, ಅದರ ಹಿಂದೆ ಲಘು (ಒಂದು ಮಾತ್ರೆಯ ಅಕ್ಷರ). ಗೆರೆ, ಪರಿಧಿ, ಸರಳ, ಹೊರಗೆ ಎಲ್ಲವೂ ಒದಗುತ್ತವೆ. «ದೂರ» ಎಂದು ಸಾಲು ತೊಡಗಬೇಡಿ, ದೂ ಗುರು (ಎರಡು ಮಾತ್ರೆ). ಬಸವನಗುಡಿಯ ಸರ್ಕಲ್‌ಗಳನ್ನು ಉಪಮೆಗೆ ತರುವವರು ಗಮನಿಸಿ: ಸರ್ಕಲ್‌ನ ನಡುವಿಗೇ ಗುರಿಯಿಟ್ಟು ಬರುವ ರಸ್ತೆ ಸ್ಪರ್ಶಕ (ವೃತ್ತವನ್ನು ಒಂದೇ ಬಿಂದುವಿನಲ್ಲಿ ಮುಟ್ಟುವ ಗೆರೆ) ಅಲ್ಲ.

ಪೂರಣ 1

ಪರಿಧಿಯಂ ಕೊಯ್ದ ಗೆರೆ ಕೇಂದ್ರದಿಂ ದೂರಕ್ಕೆ
ಸರಿಯುತಿರೆ ನಡುವಣಂತರಮೆಲ್ಲ ಕುಗ್ಗಿ
ಬರಿದೆ ಸೋಂಕುವ ತೆರದೆ ಕೊನೆಗೆ ತಾಂ ನಿಂದಾಗ
ಎರಡು ಬಿಂದುಗಳು ಕೂಡಲ್ಕೊಂದೆ ಬಿಂದು

— ಸೊಗಸಾಗಿದೆ ಮೇಡಂ. ಛೇದಕ (ವೃತ್ತವನ್ನು ಎರಡು ಬಿಂದುಗಳಲ್ಲಿ ಕೊಯ್ಯುವ ಗೆರೆ) ಸ್ಪರ್ಶಕವಾಗುವ ಗಳಿಗೆಯನ್ನೇ ಹಿಡಿದಿದ್ದೀರಿ. «ಬರಿದೆ ಸೋಂಕುವ» ಎಂಬುದರ ಬೆಲೆ ಲೆಕ್ಕ ಹಾಕಿದರೆ ತಿಳಿಯುತ್ತದೆ. ತ್ರಿಜ್ಯ 5 ಸೆಂ.ಮೀ. ಇರಲಿ. ಕೇಂದ್ರದಿಂದ ಗೆರೆಗೆ ಲಂಬದೂರ 3 ಇದ್ದಾಗ ಜ್ಯಾ (ಗೆರೆಯಲ್ಲಿ ವೃತ್ತದೊಳಗೆ ಬೀಳುವ ತುಂಡು) 8 ಸೆಂ.ಮೀ.; 4ಕ್ಕೆ 6; 4.9ಕ್ಕೆ ಇನ್ನೂ ಸುಮಾರು 2, 5ಕ್ಕೆ ಸೊನ್ನೆ. ಕೊನೆಯ ಒಂದೇ ಒಂದು ಮಿಲಿಮೀಟರಿನಲ್ಲಿ 2 ಸೆಂ.ಮೀ. ಜ್ಯಾ ಕರಗಿಹೋಗುತ್ತದೆ! ಕಣ್ಣಳತೆಯಲ್ಲಿ ಎಳೆದ ಸ್ಪರ್ಶಕ ವೃತ್ತದ ಮೇಲೆ ಉದ್ದಕ್ಕೆ ಅಂಟಿಕೊಂಡಂತೆ ಕಾಣುವುದು ಇದಕ್ಕೇ. ಮೊದಲು ತ್ರಿಜ್ಯ ಎಳೆದು, ಅದರ ತುದಿಯಲ್ಲಿ ಲಂಬ ಎಬ್ಬಿಸಿ, ಆಗ ತಪ್ಪುವುದಿಲ್ಲ.

— ಗೆರೆಯನ್ನು ಕೇಂದ್ರದ ಕಡೆಗೆ ಸರಿಸಿದರೂ ಪೂರಣ ಆಗುತ್ತದಲ್ಲವೇ ಸರ್?

— ಆಗದು. ಆ ಕಡೆ ಹೋದಷ್ಟೂ ಜ್ಯಾ ಬೆಳೆದು ವ್ಯಾಸವಾಗುತ್ತದೆ, ಬಿಂದುಗಳು ಇನ್ನಷ್ಟು ದೂರವಾಗುತ್ತವೆ.

ಪೂರಣ 2

ಬೆರೆತೆರಡು ಬಳೆಗಳಂ ಮೆಲ್ಲನೆಳೆದಗಲಿಸಲು
ಕಿರಿದಾಗಿ ನಡುವಣೆಲೆಯಾಕಾರವಳಿದು
ಅರೆಯಗಲಗಳ ಮೊತ್ತ ಕೇಂದ್ರಾಂತರಕೆ ಸಾಟಿ
ಎರಡು ಬಿಂದುಗಳು ಕೂಡಲ್ಕೊಂದೆ ಬಿಂದು

— ತ್ರಿಜ್ಯಕ್ಕೆ «ಅರೆಯಗಲ» ಅಚ್ಚುಕಟ್ಟು. ತ್ರಿಜ್ಯಗಳು 5 ಮತ್ತು 3 ಆದರೆ ಕೇಂದ್ರಗಳ ಅಂತರ 8ಕ್ಕೆ ಬಂದಾಗ ಹೊರಗಿನಿಂದ ಸೋಂಕು. ಅಂತರ 2 ಆದಾಗಲೂ ಒಂದೇ ಬಿಂದು, ಒಳಗಿನಿಂದ. ಆದರೆ ಅಲ್ಲಿ ಎಲೆ ಅಳಿಯುವುದಿಲ್ಲ, ಚಿಕ್ಕ ಬಳೆಯಷ್ಟೂ ಎಲೆಯ ಜಾಗವೇ ಆಗುತ್ತದೆ. ಆ ಪ್ರಕರಣಕ್ಕೆ ಬೇರೆ ಪದ್ಯ ಬೇಕು, ಯಾರಾದರೂ ಕೈಹಾಕಿ.

ಪೂರಣ 3

ಹೊರಬಿಂದುವಿಂದೆಳೆದ ಸ್ಪರ್ಶಕಗಳೆರಡುಂಟು
ಸರಿಯುದ್ದವೆರಡಕ್ಕು, ಕಿರಿದಾಗಿ ಕಿರಿದು
ಪರಿಧಿಯಂ ಹೊರಬಿಂದು ಮುಟ್ಟಿದಾ ಗಳಿಗೆಯಲಿ
ಎರಡು ಬಿಂದುಗಳು ಕೂಡಲ್ಕೊಂದೆ ಬಿಂದು

— ಕಲ್ಪನೆ ಮೂರರಲ್ಲೂ ಮೇಲು. ತ್ರಿಜ್ಯ 5, ಹೊರಬಿಂದು ಕೇಂದ್ರದಿಂದ 13 ಸೆಂ.ಮೀ. ದೂರವಿದ್ದರೆ ಸ್ಪರ್ಶಕಗಳು ತಲಾ 12. ಬಿಂದು ಪರಿಧಿಗೆ ಬಂದಾಗ ಎರಡೂ ಸೊನ್ನೆ, ಸ್ಪರ್ಶಬಿಂದುಗಳೂ ಒಂದೇ. ಎಡವಿದ್ದು ಮೊದಲ ಸಾಲಿನಲ್ಲಿ: ಮುಂದೆ «ಸ್ಪ» ಒತ್ತಕ್ಷರ ಬಂದುದರಿಂದ «ಎಳೆದ»ದ ದಕಾರ ಗುರುವಾಗಿ ಎರಡನೇ ಗಣಕ್ಕೆ ಆರು ಮಾತ್ರೆ ಬಿತ್ತು.

— ಹೌದು ಸರ್, ತಿದ್ದಿದೆ: ಹೊರಬಿಂದು | ವಿಂದೆಳೆದ | ಸೋಂಕುಗೆರೆ | ಯೆರಡುಂಟು.