ಸಹಾಯ ಬೇಕು: ಜೀಲೇಟೆಕ್‌ನಲ್ಲಿ ಸಾಲಿನ ಕೊನೆಯ ಕನ್ನಡ ಪದ ಒಡೆಯುವುದು

ಎಲ್ಲರಿಗೂ ನಮಸ್ಕಾರ. ನಾನು ಚಿತ್ರದುರ್ಗದವನು. ಕೋಟೆಯ ಅಕ್ಕ ತಂಗಿ ಹೊಂಡ, ಗೋಪಾಲಸ್ವಾಮಿ ಹೊಂಡಗಳ ಬಗ್ಗೆ ಅಪ್ಪ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದನ್ನು ಜೀಲೇಟೆಕ್ ಎನ್ನುವ ಪುಟ ಜೋಡಿಸುವ ತಂತ್ರಾಂಶದಲ್ಲಿ ಪುಸ್ತಕ ಮಾಡುತ್ತಿದ್ದೇನೆ. ಪುಟಕ್ಕೆ ಎರಡು ಕಾಲಂ. ಭಾಷೆ ಹೊಂದಿಸುವ ಪಾಲಿಗ್ಲಾಸಿಯಾ ಪ್ಯಾಕೇಜ್‌ನಲ್ಲಿ ಮುಖ್ಯ ಭಾಷೆ ಕನ್ನಡ.

ಮೊದಲು ಪದಗಳು ಒಡೆಯುತ್ತಲೇ ಇರಲಿಲ್ಲ. ಪದಗಳ ನಡುವೆ ದೊಡ್ಡ ದೊಡ್ಡ ಸಂದು. ಲಾಗ್ ಫೈಲ್ ನೋಡಿದರೆ ಕನ್ನಡದ ಪ್ಯಾಟರ್ನ್ (ಪದ ಎಲ್ಲಿ ಒಡೆಯಬಹುದು ಎನ್ನುವ ನಿಯಮಗಳು) ಲೋಡ್ ಆಗಿಲ್ಲ ಎಂದಿತ್ತು. ಟೆಕ್ ಲೈವ್ ಎನ್ನುವ ಟೆಕ್ ತಂತ್ರಾಂಶ ಸಂಗ್ರಹದ ಹೈಫನ್-ಇಂಡಿಕ್ ಪ್ಯಾಕೇಜ್ ಹಾಕಿದ ಮೇಲೆ ಅದು ಸರಿಹೋಯಿತು.

ಈಗ ಬೇರೆ ತೊಂದರೆ. ‘ಹೊಂಡದಲ್ಲಿ’ ಎನ್ನುವ ಪದ ಒಡೆದು ಬರೀ ‘ಲ್ಲಿ’ ಮುಂದಿನ ಸಾಲಿಗೆ ಬಂದು ಕೂರುತ್ತದೆ. ಓದಲು ತುಂಬಾ ಕಿರಿಕಿರಿ, ಅಲ್ವಾ? ಒಡೆದಾಗ ಮುಂದಿನ ಸಾಲಿಗೆ ಕನಿಷ್ಠ ಎಷ್ಟು ಅಕ್ಷರ ಹೋಗಬೇಕು ಎಂದು ಹೇಳುವ ರೈಟ್‌ಹೈಫನ್‌ಮಿನ್‌ಗೆ 2 ಕೊಟ್ಟೆ, ಉಪಯೋಗವಾಗಲಿಲ್ಲ. ಟೆಕ್ ನಮ್ಮ ಹಾಗೆ ಅಕ್ಷರ ಎಣಿಸುವುದಿಲ್ಲ, ಯುನಿಕೋಡ್ ಚಿಹ್ನೆ ಎಣಿಸುತ್ತದೆ. ನಮಗೆ ‘ಲ್ಲಿ’ ಒಂದೇ ಅಕ್ಷರ, ಅದಕ್ಕೆ ಲ, ವಿರಾಮ (ಅರ್ಧಾಕ್ಷರದ ಚಿಹ್ನೆ), ಇನ್ನೊಂದು ಲ, ಗುಡಿಸು ಸೇರಿ 4. ಹಾಗಂತ 5 ಕೊಟ್ಟರೆ ‘ಗಳು’ ಒಡೆದು ಮುಂದಿನ ಸಾಲಿಗೆ ಬರುವುದೇ ನಿಲ್ಲುತ್ತದೆ, ಏಕೆಂದರೆ ಅದರಲ್ಲಿ ಇರುವುದು 3 ಚಿಹ್ನೆ. ಅದು ಒಡೆದರೆ ನನಗೆ ಬೇಜಾರಿಲ್ಲ.

ಒಂದೊಂದೇ ಪದವನ್ನು ಹೈಫನೇಶನ್ ಪಟ್ಟಿಗೆ ಹಾಕುತ್ತಾ ಕೂರಲು ಆಗುವುದಿಲ್ಲ, ನಮ್ಮ ವಿಭಕ್ತಿ ಪ್ರತ್ಯಯಗಳು ಅಷ್ಟಿವೆ. ಪದದ ಕೊನೆಯ ಒತ್ತಕ್ಷರವನ್ನು ಮಾತ್ರ ತಡೆಯುವ ಪ್ಯಾಟರ್ನ್ ಹೇಗೆ ಬರೆಯಬೇಕು? ಜೀಲೇಟೆಕ್‌ನ ಎಂಜಿನ್ ಆದ ಜೀಟೆಕ್‌ನಲ್ಲಿ ಪ್ಯಾಟರ್ನ್ ಬದಲಿಸಿದರೆ ಫಾರ್ಮ್ಯಾಟ್ (ಮೊದಲೇ ಸಿದ್ಧಮಾಡಿಟ್ಟ ಫೈಲ್) ಮತ್ತೆ ಕಟ್ಟಬೇಕು. ಓಡುವಾಗಲೇ ಪ್ಯಾಟರ್ನ್ ಓದುವ ಲುವಾಟೆಕ್ ಎಂಜಿನ್‌ಗೆ ಹೋಗುವುದೇ ಒಳ್ಳೆಯದಾ? ಕನ್ನಡ ಪುಸ್ತಕ ಮಾಡಿದವರು ದಯವಿಟ್ಟು ನಿಮ್ಮ ಸೆಟ್ಟಿಂಗ್ ಹಂಚಿಕೊಳ್ಳಿ.