ಹಗಲಿನಲ್ಲಿ ಸರಿಯಾಗಿರುವ ರಸ್ತೆ ಫಲಕ ರಾತ್ರಿ ಏಕೆ ಕಾಣುವುದಿಲ್ಲ?

ಪ್ರಶ್ನೆ:
ನಮಸ್ಕಾರ. ಕೆಲಸದ ನಿಮಿತ್ತ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದು ಉಜಿರೆಗೆ ಆಗಾಗ ರಾತ್ರಿ ಹೋಗುತ್ತೇನೆ. ಕಾರಿನಿಂದ ದೂರಕ್ಕೇ ಹೊಳೆಯುವ ಬಾಣದ ಫಲಕಗಳು ಬಸ್ಸಿನ ಮುಂದಿನ ಸೀಟಿನಿಂದ ಮಂಕಾಗಿ ಕಾಣುತ್ತವೆ. ಒಂದೆರಡು ಫಲಕಗಳಂತೂ ಹಗಲಿನಲ್ಲಿ ಬಣ್ಣಗೆಡದೆ ಇದ್ದರೂ ನಸುಕಿನಲ್ಲಿ ಪೂರ್ತಿ ಕಪ್ಪಾಗಿರುತ್ತವೆ. ಅಂಥ ತಿರುವಿನಲ್ಲಿ ಇದು ಜೀವದ ಪ್ರಶ್ನೆ. ಕಾರಣ ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1:
ಕನ್ನಡಿಯ ಮೇಲೆ ಓರೆಯಾಗಿ ಬಿದ್ದ ಬೆಳಕು ಬೇರೆ ಕಡೆಗೆ ಹೋಗುತ್ತದೆ. ಈ ಫಲಕಗಳ ಮೇಲೆ ಅಂಟಿಸಿದ ಹಾಳೆಯಲ್ಲಿರುವ ಸಣ್ಣ ಗಾಜಿನ ಮಣಿಗಳು ಅಥವಾ ಪಟ್ಟಕಗಳು (ಪ್ರಿಸಂಗಳು) ಮಾತ್ರ ಅದನ್ನು ಬಂದ ದಾರಿಯಲ್ಲೇ, ಅಂದರೆ ಹೆಡ್‌ಲೈಟಿನ ಕಡೆಗೇ ಹಿಂದಿರುಗಿಸುತ್ತವೆ. ಹಿಂದಿರುಗುವ ಬೆಳಕಿನ ಶಂಕು ಬಹಳ ಕಿರಿದು. ಕಾರು ಚಾಲಕನ ಕಣ್ಣು ದೀಪಕ್ಕಿಂತ 60 ಸೆಂ.ಮೀ. ಎತ್ತರದಲ್ಲಿದೆ ಎಂದುಕೊಂಡರೆ, 100 ಮೀಟರ್ ದೂರದ ಫಲಕದಿಂದ ನೋಡಿದಾಗ ಆ ಅಂತರ ಸುಮಾರು 0.35 ಡಿಗ್ರಿ ಕೋನವಾಗುತ್ತದೆ. ಬಸ್ಸಿನಲ್ಲಿ ಕಣ್ಣು 1.3 ಮೀಟರ್ ಮೇಲಿದ್ದರೆ ಅದು 0.75 ಡಿಗ್ರಿ. ಲೆಕ್ಕದಲ್ಲಿ ಅಲ್ಪವೆನಿಸುವ ಈ ವ್ಯತ್ಯಾಸದಲ್ಲೇ ಹೊಳಪಿನ ಬಹುಪಾಲು ಕಣ್ಣಿಗೆ ತಪ್ಪಿಹೋಗುತ್ತದೆ. ಪಟ್ಟಕದ ಉತ್ತಮ ಹಾಳೆಗಳು ಹೆಚ್ಚು ಬೆಳಕನ್ನು ಹಿಂದಿರುಗಿಸುವುದರಿಂದ, ಘಾಟಿಗಳಲ್ಲಿ ಅವನ್ನೇ ಬಳಸಬೇಕೆಂಬುದು ನನ್ನ ದೃಢ ಅಭಿಪ್ರಾಯ.

ಉತ್ತರ 2:
ನಸುಕಿನ ಕತ್ತಲಿಗೆ ಕಾರಣ ಇಬ್ಬನಿ ಇರಬಹುದು. ತೆಳುವಾದ ಲೋಹದ ತಗಡು ರಾತ್ರಿ ಸುತ್ತಲಿನ ಗಾಳಿಗಿಂತ ಬೇಗ ತಣ್ಣಗಾಗುತ್ತದೆ. ಅದರ ಮೇಲೆ ಕೂತ ಹನಿಗಳು ಬೆಳಕು ಹಾಳೆಯೊಳಗೆ ಹೋಗುವ ಮೊದಲೇ ಅದನ್ನು ದಿಕ್ಕುದಿಕ್ಕಿಗೆ ಚದುರಿಸುತ್ತವೆ. ಮಲೆನಾಡಿನ ಮಳೆಗಾಲದಲ್ಲಿ ಹಬ್ಬುವ ಪಾಚಿಯೂ ಇದನ್ನೇ ಮಾಡುತ್ತದೆ. ನಮ್ಮೂರ ತಿರುವಿನ ಫಲಕವೊಂದನ್ನು ಒದ್ದೆ ಬಟ್ಟೆಯಿಂದ ಅರ್ಧ ಮಾತ್ರ ಒರೆಸಿ ರಾತ್ರಿ ನೋಡಿದಾಗ, ಒರೆಸಿದ ಅರ್ಧದಲ್ಲಿ ಬಾಣ ಎದ್ದು ಕಾಣುತ್ತಿತ್ತು, ಉಳಿದರ್ಧದಲ್ಲಿ ಫಲಕವೇ ಇಲ್ಲದಂತಿತ್ತು. ಹಾಗಾಗಿ ಫಲಕಗಳ ತಪಾಸಣೆಯನ್ನು ಹಗಲಿನಲ್ಲಿ ಮಾಡಿ ಮುಗಿಸಿದರೆ ಪ್ರಯೋಜನವಿಲ್ಲ. ಟಾರ್ಚನ್ನು ಕಣ್ಣಿನ ಪಕ್ಕದಲ್ಲೇ ಹಿಡಿದು ನೋಡಬೇಕು. ಸೊಂಟದ ಬಳಿ ಹಿಡಿದರೆ ಒಳ್ಳೆಯ ಫಲಕವೂ ಮಂಕಾಗಿ ತೋರೀತು.

ಉತ್ತರ 3:
ಸ್ವಚ್ಛಗೊಳಿಸುವವರು ಒರಟು ಬ್ರಷ್ ಬಳಸಬಾರದು. ಮೇಲ್ಪದರಕ್ಕೆ ಗೀರು ಬಿದ್ದರೆ ಮತ್ತೆ ಸರಿಯಾಗದು. ಮೃದುವಾದ ಬಟ್ಟೆ, ಸೌಮ್ಯವಾದ ಸೋಪಿನ ನೀರು ಸಾಕು. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ಮಂಜಿನ ಹನಿಗಳಿಂದಲೇ ಕಣ್ಣಿಗೆ ಮರಳಿ ಫಲಕ ಇನ್ನೂ ಮರೆಯಾಗುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಮುಂದಿನ ಬಾರಿ ಟಾರ್ಚ್ ಜೊತೆಗಿರುತ್ತದೆ. ಕಪ್ಪಾಗಿ ಕಂಡ ಪ್ರತಿ ಫಲಕದ ಜಾಗವನ್ನು ಕಿಲೋಮೀಟರ್ ಕಲ್ಲಿನ ಸಂಖ್ಯೆಯೊಂದಿಗೆ ಬರೆದು, ರಸ್ತೆ ನಿರ್ವಹಿಸುವ ಕಚೇರಿಗೆ ಕೊಡುತ್ತೇನೆ.