ಕಬ್ಬಿನ ಗರಿ ಬಡಿದು ಕಣ್ಣಲ್ಲಿ ಫಂಗಸ್: ಹಳೇ ಹನಿಯೇ ಸಾಕಾ, ದುಬಾರಿ ಔಷಧಿ ಕೇಳಬೇಕಾ?

ಘಟಪ್ರಭಾ ದಂಡೆ (ಮುಧೋಳ):
ನಮ್ಮ ಕಾಕಾ ಕಬ್ಬಿನ ರವದಿ (ಒಣಗಿದ ಗರಿ) ಸುಲಿಯುವಾಗ ಗರಿಯ ತುದಿ ಬಲಗಣ್ಣಿಗೆ ಬಡಿಯಿತು. ರಕ್ತ ಇಲ್ಲ, ಸುಮ್ನೆ ನೀರು ಬಂತು. ಟವೆಲ್ಲಿನಿಂದ ಒರೆಸಿಕೊಂಡು ಸಂಜೆವರೆಗೂ ಹೊಲದಲ್ಲೇ ಇದ್ದರು. ಮರುದಿನ ಕಣ್ಣು ಕೆಂಪಾಯಿತು. ಊರಿನ ಔಷಧಿ ಅಂಗಡಿಯಲ್ಲಿ "ಕಣ್ಣು ಕೆಂಪಾಗಿದೆ" ಅಂತ ಹೇಳಿ ಒಂದು ಹನಿ ತಂದು ಹಾಕಿದೆವು. ತಂದವನು ನಾನೇ. ಎರಡು ದಿನ ಉರಿ ಇಳಿಯಿತು, ಮನೆಯವರೆಲ್ಲ ನಿರಾಳ. ಐದನೇ ದಿನ ನೋಡಿದರೆ ಕಪ್ಪು ಗುಡ್ಡೆಯ ಮೇಲೆ ಅರ್ಧ ಜೋಳದ ಕಾಳಿನಷ್ಟು ಬಿಳಿ ಮಚ್ಚೆ! ಅವ್ವ "ಹೂವು ಬಿತ್ತಲ್ಲೋ" ಅಂತ ಅಳೋಕೆ ಶುರು ಮಾಡಿದಳು.

ಬಾಗಲಕೋಟೆಗೆ ಕರೆದುಕೊಂಡು ಹೋದೆ. ಕಣ್ಣಿನ ಡಾಕ್ಟರು ಮಚ್ಚೆಯ ಅಂಚನ್ನು ಸಣ್ಣ ಬ್ಲೇಡಿನಿಂದ ಕೆರೆದು ಗಾಜಿನ ಮೇಲೆ ಸವರಿದರು. ಅವತ್ತೇ ರಿಪೋರ್ಟ್: ಫಂಗಸ್. ನಾನು ಒಯ್ದಿದ್ದ ಬಾಟಲಿ ತಿರುಗಿಸಿ ಓದಿ, "ಇದರಲ್ಲಿ ಸ್ಟೀರಾಯ್ಡ್ ಇದೆ" ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನಿಸಿತು.

ಈಗ 5% ನಾಟಾಮೈಸಿನ್ ಹನಿ, ಗಂಟೆಗೊಮ್ಮೆ. ಇವತ್ತಿಗೆ ಆರು ದಿನ. ಬೆಂಗಳೂರಿನ ನಮ್ಮ ಭಾವ ಫೋನ್ ಮಾಡಿ, "ಅದು ಓಬಿರಾಯನ ಕಾಲದ ಔಷಧಿ. ಈಗ ವೊರಿಕೊನಜೋಲ್ ಬಂದಿದೆ, ಮಾತ್ರೆಯೂ ಇದೆ. ದುಡ್ಡು ನಾನು ಕಳಿಸ್ತೀನಿ, ಅದನ್ನೇ ಬರೆಸು" ಅಂತಿದ್ದಾರೆ. ಡಾಕ್ಟರ ಹತ್ತಿರ ಕೇಳಲಾ?

ರವದಿ ರಾಯ (ಜಮಖಂಡಿ):
ತಮ್ಮಾ, ನನಗೂ ಎಡಗಣ್ಣಿಗೆ ಇದೇ ಆಗಿತ್ತು. ನಾನು ಮೊದಲು ಹಾಕಿದ್ದು ಹರಳೆಣ್ಣೆ. ನಗಬೇಡಿ. ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ಹನ್ನೆರಡು ದಿನ ಕಳೆದಿತ್ತು. ಈಗ ಆ ಕಣ್ಣಲ್ಲಿ ಬೆರಳು ಎಣಿಸಬಹುದು, ಅಷ್ಟೇ.

ಒಂದು ಮಾತು. ನಾಟಾಮೈಸಿನ್ ಬಾಟಲಿಯನ್ನು ಪ್ರತಿ ಸಲ ಚೆನ್ನಾಗಿ ಅಲುಗಾಡಿಸಿ ಹಾಕಿ. ಔಷಧಿ ತಳಕ್ಕೆ ಕೂತಿರುತ್ತದೆ. ನಾನು ನಾಲ್ಕು ದಿನ ಮೇಲಿನ ತಿಳಿ ನೀರನ್ನೇ ಹಾಕಿಕೊಂಡಿದ್ದೆ.

ಸ್ಲೈಡ್ ಅಕ್ಕ (ಬೆಳಗಾವಿ):
ನಾನು ಲ್ಯಾಬಿನವಳು. ನಿಮ್ಮ ಕಾಕಾ ಅವರ ಸ್ಲೈಡಿನಂಥವನ್ನೇ ನೋಡುವುದು ನನ್ನ ಕೆಲಸ. ಕೆರೆದದ್ದಕ್ಕೆ ಒಂದು ಹನಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬಿಟ್ಟರೆ ಕಣ್ಣಿನ ಕೋಶಗಳು ಕರಗಿ, ಫಂಗಸ್ಸಿನ ಎಳೆಗಳು ಚೆಲ್ಲಿದ ಶಾವಿಗೆ ಹಾಗೆ ಕಾಣುತ್ತವೆ. ಕಬ್ಬಿನ ಹಂಗಾಮಿನಲ್ಲಿ ಇಂಥ ಸ್ಲೈಡು ಜಾಸ್ತಿ.

ಭಾವನವರ ಅನುಮಾನ ಪೂರ್ತಿ ತಪ್ಪಲ್ಲ. ವೊರಿಕೊನಜೋಲ್ ಹೊಸದು, ಕಣ್ಣಿನ ಒಳಕ್ಕೂ ಚೆನ್ನಾಗಿ ಇಳಿಯುತ್ತದೆ. ನಾಟಾಮೈಸಿನ್ ಅಷ್ಟು ಇಳಿಯುವುದಿಲ್ಲ. ಲೆಕ್ಕದ ಪ್ರಕಾರ ಹೊಸದೇ ಗೆಲ್ಲಬೇಕಿತ್ತು. ಇದನ್ನು ಪರೀಕ್ಷೆ ಮಾಡಿದ್ದು ನಮ್ಮ ಪಕ್ಕದ ತಮಿಳುನಾಡಿನಲ್ಲೇ, ಮದುರೆಯ ಅರವಿಂದ ಕಣ್ಣಿನ ಆಸ್ಪತ್ರೆ ಬಳಗದಲ್ಲಿ. 323 ರೋಗಿಗಳು, ಬಹಳಷ್ಟು ಜನ ಹೊಲದ ಕೆಲಸದವರು. ಯಾರಿಗೆ ಯಾವ ಹನಿ ಅನ್ನುವುದು ಚೀಟಿ ಎತ್ತಿದ ಹಾಗೆ. ದೃಷ್ಟಿ ಅಳೆಯುವವರಿಗೂ ಅದು ಗೊತ್ತಿಲ್ಲ. 2013ರಲ್ಲಿ ಅಚ್ಚಾದ ಫಲಿತಾಂಶ ನೋಡಿದರೆ ಹಳೇ ನಾಟಾಮೈಸಿನ್ನೇ ಗೆದ್ದಿತ್ತು. ಮೂರು ತಿಂಗಳ ನಂತರ ಆ ಗುಂಪಿನವರಿಗೆ ದೃಷ್ಟಿ ಚೆನ್ನಾಗಿತ್ತು. ಗುಡ್ಡೆ ತೂತಾಗಿದ್ದು, ಕಸಿ ಮಾಡಬೇಕಾಗಿ ಬಂದದ್ದೂ ಕಡಿಮೆ. ಫ್ಯುಸೇರಿಯಂ ಅನ್ನುವ ಫಂಗಸ್ ಇದ್ದವರಲ್ಲಂತೂ ಅಕ್ಷರದ ಫಲಕದಲ್ಲಿ ಸುಮಾರು 4 ಸಾಲಿನ ವ್ಯತ್ಯಾಸ. ಬೇರೆ ಫಂಗಸ್ ಇದ್ದವರಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ.

ಮಾತ್ರೆಯದ್ದೂ ನೋಡಿದ್ದಾರೆ. ಭಾರತ ಮತ್ತು ನೇಪಾಳದಲ್ಲಿ ಹುಣ್ಣು ತುಂಬಾ ಕೆಟ್ಟಿದ್ದ 240 ಜನರಿಗೆ ಹನಿಯ ಜೊತೆ ವೊರಿಕೊನಜೋಲ್ ಮಾತ್ರೆಯನ್ನೋ ಖಾಲಿ ಮಾತ್ರೆಯನ್ನೋ ಕೊಟ್ಟರು. 2016ರಲ್ಲಿ ಬಂದ ಉತ್ತರ: ಒಟ್ಟಾರೆ ಪ್ರಯೋಜನ ಕಾಣಲಿಲ್ಲ, ಅಡ್ಡ ಪರಿಣಾಮ ಮಾತ್ರ ಜಾಸ್ತಿ. ಹುಣ್ಣು ಆಳಕ್ಕೆ ಇಳಿದಾಗ ಡಾಕ್ಟರು ಇವನ್ನೂ ಸೇರಿಸುತ್ತಾರೆ, ಅದು ಕಣ್ಣು ನೋಡಿದವರ ತೀರ್ಮಾನ.

ಸ್ಟೀರಾಯ್ಡ್ ಹನಿಯ ಮೋಸವೇ ಅದು. ಕೆಂಪು, ಉರಿ ಇಳಿಸುತ್ತದೆ. ಕಣ್ಣಿನ ಕಾವಲೂ ಇಳಿಯುತ್ತದೆ, ಫಂಗಸ್ ಆರಾಮಾಗಿ ಹಬ್ಬುತ್ತದೆ. ನೀವು ಬೇಕು ಅಂತ ಮಾಡಿದ್ದಲ್ಲ, ಬಿಡಿ. ಕಲ್ಚರ್‌ಗೆ, ಅಂದರೆ ಯಾವ ಫಂಗಸ್ ಅಂತ ತಿಳಿಯಲು ಲ್ಯಾಬಿನಲ್ಲಿ ಬೆಳೆಸಿ ನೋಡುವುದಕ್ಕೆ, ಕಳಿಸಿದ್ದಾರಾ?

ಘಟಪ್ರಭಾ ದಂಡೆ:
ಕಳಿಸಿದ್ದಾರೆ ಅಕ್ಕಾ, ಇನ್ನೂ ಬಂದಿಲ್ಲ. ಹನಿ ಒಣಗಿ ರೆಪ್ಪೆಗೆ ಸುಣ್ಣ ಬಳಿದ ಹಾಗೆ ಅಂಟುತ್ತೆ. ಮಚ್ಚೆಯ ಮೇಲೂ ಬಿಳಿ ಕಾಣಿಸುತ್ತೆ. ಅದು ಔಷಧಿಯೋ ಹುಣ್ಣೋ ಗೊತ್ತಾಗಲ್ಲ.

ಸ್ಲೈಡ್ ಅಕ್ಕ:
ನಾಟಾಮೈಸಿನ್ ಹುಣ್ಣಿನ ಮೇಲೆ ಕೂರುತ್ತದೆ, ನಿಜ. ಬೆರಳಿನಿಂದ, ಬಟ್ಟೆಯಿಂದ ತೆಗೆಯಲು ಹೋಗಬೇಡಿ. ಮಚ್ಚೆ ಹಿಗ್ಗಿದೆಯಾ ಕುಗ್ಗಿದೆಯಾ ಅನ್ನುವುದನ್ನು ಡಾಕ್ಟರೇ ಮೆಷಿನ್ನಲ್ಲಿ ನೋಡಲಿ. ನೋವು ಜಾಸ್ತಿಯಾದರೆ ಅಥವಾ ಕಣ್ಣಿಂದ ಬಿಸಿ ನೀರು ದಡಕ್ಕನೆ ಬಂದರೆ ಮುಂದಿನ ತಾರೀಖಿನವರೆಗೆ ಕಾಯದೆ ಅವತ್ತೇ ಹೋಗಿ.

ರವದಿ ರಾಯ:
ಈಗ ನಾನು ಕನ್ನಡಕ ಹಾಕದೆ ಕಬ್ಬಿನೊಳಗೆ ಇಳಿಯುವುದಿಲ್ಲ. ಪ್ಲಾಸ್ಟಿಕ್ಕಿನದು, ಸಂತೆಯಲ್ಲಿ ತಂದದ್ದು. ಗ್ಯಾಂಗಿನ ಹುಡುಗರು "ಹೀರೋ ಬಂದ" ಅಂತಾರೆ. ಅನ್ನಲಿ.

ಘಟಪ್ರಭಾ ದಂಡೆ (ನಾಲ್ಕು ದಿನದ ನಂತರ):
ಕಲ್ಚರ್ ಬಂತು, ಫ್ಯುಸೇರಿಯಂ. ಧೈರ್ಯ ಮಾಡಿ ಡಾಕ್ಟರನ್ನು ಕೇಳಿದೆ, ಸಿಟ್ಟಾಗಲಿಲ್ಲ. "ಇದೇ ಹನಿ ಮುಂದುವರಿಸೋಣ, ಹಗಲು ಎರಡು ಗಂಟೆಗೊಮ್ಮೆ ಮಾಡಿ" ಅಂದರು. ಮಚ್ಚೆಯ ಅಂಚು ಸ್ವಲ್ಪ ಒಳಗೆ ಸರಿದಿದೆಯಂತೆ. ಕಲೆ ಉಳಿಯುತ್ತೆ ಅಂತಲೂ ಹೇಳಿದರು. ಕಾಕಾ ಕೇಳಿದ್ದು ಒಂದೇ ಮಾತು: "ಟ್ರ್ಯಾಕ್ಟರ್ ಹೊಡೀಬಹುದಾ?" ಡಾಕ್ಟರು ಇನ್ನೂ ಹೂಂ ಅಂದಿಲ್ಲ. ಭಾವನಿಗೆ ನಿಮ್ಮ ಉತ್ತರ ಓದಿ ಹೇಳಿದೆ. ಕಳಿಸಿದ್ದ ದುಡ್ಡಿನಲ್ಲಿ ಆರು ಕನ್ನಡಕ ತಂದೆ. ಕಾಕಾ ಆಗಲೇ ಒಂದನ್ನು ಎಲ್ಲೋ ಇಟ್ಟು ಮರೆತಿದ್ದಾರೆ.